ತೆಜುಕ ಒಸಾಮು ಮತ್ತು ಕತ್ತಿ ಹಿಡಿದ ರಾಜಕುಮಾರಿ

ಜಪಾನಿನ ಚಿತ್ರಕಥೆಗಳಿಗೆ ಮಾಂಗಾ ಎಂದು ಹೆಸರು. ಅವುಗಳಲ್ಲಿ ಹುಡುಗಿಯರಿಗಾಗಿಯೇ ರಚಿತವಾಗುವ ಒಂದು ಶಾಖೆಯುಂಟು. ಅದನ್ನು ಶೋಜೊ ಮಾಂಗಾ ಎನ್ನುತ್ತಾರೆ. ಶೋಜೊ ಎಂದರೆ ಕಿಶೋರಿ. ಈ ಶಾಖೆಯ ಪುಸ್ತಕಗಳನ್ನು ಮೊದಲ ಬಾರಿಗೆ ತೆರೆದವನಿಗೆ ಸೋಜಿಗವೆನಿಸುವ ಸಂಗತಿಯೊಂದಿದೆ. ಅಲ್ಲಿಯ ಪ್ರಣಯಕಥೆಗಳ ನಾಯಕನು ಬಹುಮಟ್ಟಿಗೆ ಮೀಸೆ ತಿರುವುವ ಕಲಿಯಲ್ಲ, ತೋಳ್ಬಲವನ್ನು ಮೆರೆಯುವ ಭಟನೂ ಅಲ್ಲ. ನೀಳವಾದ ದೇಹ, ಹೆಗಲಿಗಿಳಿದ ಕೂದಲು, ಚುಕ್ಕೆ ಮಿನುಗುವ ಕಣ್ಣು, ಕಣ್ಣೀರಿಗೆ ನಾಚದ ಮನಸ್ಸು ಇವೇ ಆತನ ಲಕ್ಷಣಗಳು. ಕೆಲವು ಪ್ರಸಿದ್ಧ ಕಥೆಗಳಲ್ಲಂತೂ ಆ ವೀರನು ಗಂಡೇ ಅಲ್ಲ. ಗಂಡಿನ ಉಡುಪನ್ನು ತೊಟ್ಟ ಹೆಣ್ಣು. ಗಂಡಸುತನದ ಇಂತಹ ಕಲ್ಪನೆ ಆ ನಾಡಿನ ಹುಡುಗಿಯರ ಪತ್ರಿಕೆಗಳಿಗೆ ಎಲ್ಲಿಂದ ಬಂದಿತು? ಇದಕ್ಕೆ ಒಂದೇ ಮೂಲವನ್ನು ಹೇಳುವುದು ಸಲ್ಲದು. ಆದರೂ ಆ ಹೊಳೆಗೆ ಅಗಲವಾದ ಪಾತ್ರವನ್ನು ತೋಡಿಕೊಟ್ಟವನು ತೆಜುಕ ಒಸಾಮು ಎಂಬುದರಲ್ಲಿ ಸಂದೇಹವಿಲ್ಲ. (ಜಪಾನೀಯರ ಪದ್ಧತಿಯಂತೆ ಇಲ್ಲಿ ಮನೆತನದ ಹೆಸರು ಮೊದಲು ಬಂದಿದೆ.)

ತೆಜುಕನು 1928ನೆಯ ನವೆಂಬರ್ 3ರಂದು ಒಸಾಕ ಪ್ರಾಂತದ ತೊಯೊನಕ ಎಂಬಲ್ಲಿ ಜನಿಸಿದನು. ಅದು ಮೇಯ್ಜಿ ಚಕ್ರವರ್ತಿಯ ಹುಟ್ಟಿದ ದಿನವಾದುದರಿಂದ, ಆ ಚಕ್ರವರ್ತಿಯ ಹೆಸರಿನಲ್ಲಿದ್ದ ಒಂದು ಅಕ್ಷರವನ್ನೇ ಮಗುವಿನ ಹೆಸರಿಗೆ ಆರಿಸಿದರು. ಮುಂದೆ ಕೀಟಗಳನ್ನು ಕೂಡಿಡುವ ಹುಚ್ಚು ಹಿಡಿದ ಬಾಲಕನು, ಆ ಅಕ್ಷರದ ಪಕ್ಕದಲ್ಲಿ ಹುಳು ಎಂಬರ್ಥದ ಇನ್ನೊಂದು ಅಕ್ಷರವನ್ನು ತಾನೇ ಸೇರಿಸಿಕೊಂಡು ಅದನ್ನೇ ಕಾವ್ಯನಾಮ ಮಾಡಿಕೊಂಡನು. ಮನೆಯಲ್ಲಿ ತಂದೆಯ ಬಳಿ ಚಲನಚಿತ್ರ ತೋರಿಸುವ ಚಿಕ್ಕ ಯಂತ್ರವೊಂದಿದ್ದಿತು. ಚಾಪ್ಲಿನ್ನನ ಚಿತ್ರಗಳೂ ಡಿಸ್ನಿಯ ಚಿತ್ರಗಳೂ ಗೋಡೆಯ ಮೇಲೆ ಕುಣಿಯುತ್ತಿದ್ದುವು.

ಇವೆಲ್ಲಕ್ಕಿಂತ ನಮ್ಮ ವಿಷಯಕ್ಕೆ ಮುಖ್ಯವಾದುದು ಬೇರೊಂದಿದೆ. ಬಾಲಕನಿಗೆ ಐದು ವರ್ಷ ತುಂಬುವ ಹೊತ್ತಿಗೆ, 1933ರಲ್ಲಿ, ಕುಟುಂಬವು ತಕರಾಜುಕ ಎಂಬ ಊರಿಗೆ ಬಂದು ನೆಲೆಸಿತು. ಅದು ಬಿಸಿನೀರಿನ ಬುಗ್ಗೆಗಳ ಊರು, ರೈಲುದಾರಿಯ ಕೊನೆಯ ನಿಲ್ದಾಣ. ಪ್ರಯಾಣಿಕರನ್ನು ಅಲ್ಲಿಯ ತನಕ ಸೆಳೆಯಬೇಕೆಂಬ ಹಂಚಿಕೆಯಿಂದ ರೈಲು ಕಂಪೆನಿಯ ಒಡೆಯನಾದ ಕೊಬಯಾಶಿ ಇಚಿಜೊ ಎಂಬುವನು 1913ರಲ್ಲಿ ಹುಡುಗಿಯರ ಒಂದು ಗಾಯನ ಮೇಳವನ್ನು ಕಟ್ಟಿದ್ದನು. 1914ರಲ್ಲಿ, ಈಜುಕೊಳವಾಗಿದ್ದ ಒಂದು ಕಟ್ಟಡವನ್ನು ರಂಗಮಂದಿರವಾಗಿ ಮಾರ್ಪಡಿಸಿ, ಮೊದಲ ಪ್ರದರ್ಶನ ನಡೆಯಿತು. ಟಿಕೆಟ್ಟಿನ ವ್ಯಾಪಾರಕ್ಕಾಗಿ ಹುಟ್ಟಿದ ಈ ಮೇಳವು ಜಪಾನಿನ ಅತ್ಯಂತ ಜನಪ್ರಿಯ ರಂಗಸಂಸ್ಥೆಗಳಲ್ಲಿ ಒಂದಾಗಿ ಬೆಳೆಯಿತು. ಅಲ್ಲಿ ನಟಿಸುವವರೆಲ್ಲರೂ ಅವಿವಾಹಿತ ಸ್ತ್ರೀಯರು. ರಾಜ, ಸೇನಾನಿ, ಪ್ರಣಯಿ ಎಲ್ಲ ಪಾತ್ರಗಳೂ ಅವರವೇ. ಪುರುಷವೇಷದ ನಟಿಗೆ ಒತೊಕೊಯಾಕು ಎಂದು ಹೆಸರು. ನಮ್ಮ ಬಯಲಾಟಗಳಲ್ಲಿ ಗಂಡಸರು ಸ್ತ್ರೀವೇಷ ಕಟ್ಟುವುದನ್ನು ಕಂಡವರಿಗೆ ಇದು ತಿರುವುಮುರುವಾಗಿ ತೋರಬಹುದು. ಜಪಾನೀಯರಿಗೂ ಹಾಗೆಯೇ ತೋರಿರಬೇಕು, ಏಕೆಂದರೆ ಅವರ ಹಳೆಯ ಕಬುಕಿ ನಾಟಕದಲ್ಲಿ 1629ರ ನಿಷೇಧದಿಂದ ಮೊದಲ್ಗೊಂಡು ಸ್ತ್ರೀಪಾತ್ರಗಳೆಲ್ಲವೂ ಗಂಡಸರ ಪಾಲಾಗಿದ್ದುವು.

ತಕರಾಜುಕದ ಪ್ರೇಕ್ಷಕರಲ್ಲಿ ಹೆಚ್ಚಿನವರು ಹೆಂಗಸರೇ. ಅವರು ಮೆಚ್ಚಿ ಮರುಳಾಗುತ್ತಿದ್ದುದು ನಾಯಕಿಯನ್ನಲ್ಲ, ಪುರುಷವೇಷದ ನಟಿಯನ್ನು. ಆ ವೇಷದಲ್ಲಿ ಗಂಡಸಿನ ನಿಲುವು, ನಡೆ, ಧೈರ್ಯಗಳಿದ್ದುವು; ಗಂಡಸಿನ ಒರಟುತನವಾಗಲಿ ಮನೆಯೊಳಗಿನ ದರ್ಪವಾಗಲಿ ಇರಲಿಲ್ಲ. ಹೆಣ್ಣು ತನಗೆ ಬೇಕಾದಂತೆ ಕಡೆದುಕೊಂಡ ಗಂಡಿನ ಮೂರ್ತಿ ಅದು. ತೆಜುಕನ ತಾಯಿ ಈ ಮೇಳದ ಅಭಿಮಾನಿ. ಮಗನನ್ನು ಪದೇ ಪದೇ ಅಲ್ಲಿಗೆ ಕರೆದೊಯ್ಯುತ್ತಿದ್ದಳು. ನೆರೆಮನೆಯಲ್ಲಿಯೇ ಆ ಮೇಳದ ಹೆಸರಾಂತ ನಟಿ ಅಮತ್ಸು ಒತೊಮೆ ವಾಸವಾಗಿದ್ದಳು. ಹೀಗೆ, ಗಂಡಸುತನವೆಂಬುದು ಬೆಳಿಗ್ಗೆ ತೊಟ್ಟು ಸಂಜೆ ಕಳಚಿಡಬಹುದಾದ ಉಡುಪು ಎಂಬ ಸಂಗತಿಯನ್ನು ಆ ಬಾಲಕನು ಯಾರೂ ಕಲಿಸದೆಯೇ ಬೇಲಿಯ ಆಚೆ ನೋಡಿ ಕಲಿತನು.

ಆದರೆ ಕಾಲವು ಬೇರೊಂದು ಗಂಡಸುತನವನ್ನು ಬೋಧಿಸುತ್ತಿದ್ದಿತು. ಯುದ್ಧದ ವರ್ಷಗಳಲ್ಲಿ ಜಪಾನಿನ ಶಾಲೆಯೆಂದರೆ ಅರ್ಧ ಸೈನ್ಯವೇ. ತೆಜುಕನೋ ಕೃಶಶರೀರದವನು, ಕನ್ನಡಕದವನು, ಗುಂಗುರು ಕೂದಲಿನವನು. ಚಿಕ್ಕಂದಿನಿಂದ ಜೊತೆಯ ಹುಡುಗರ ಹಾಸ್ಯಕ್ಕೆ ಗುರಿಯಾದವನು. ಚಿತ್ರ ಬರೆಯುತ್ತಿದ್ದುದಕ್ಕಾಗಿ ಕವಾಯತಿನ ಶಿಕ್ಷಕರಿಂದ ಏಟು ತಿಂದನು. ದುರ್ಬಲ ಹುಡುಗರನ್ನು ಗಟ್ಟಿಮಾಡುವ ಶಿಬಿರವೊಂದಕ್ಕೆ ಆತನನ್ನು ಕಳುಹಿಸಿದರು. ಗಟ್ಟಿಯಾಗುವುದಿರಲಿ, ಅಲ್ಲಿ ಎರಡು ತೋಳುಗಳಿಗೂ ಚರ್ಮರೋಗ ಹತ್ತಿ ಕೈಗಳನ್ನೇ ಕಳೆದುಕೊಳ್ಳುವ ಸ್ಥಿತಿ ಬಂದಿತು. ವೈದ್ಯರ ಆರೈಕೆಯಿಂದ ಕೈ ಉಳಿಯಿತು. ತಾನೂ ವೈದ್ಯನಾಗಬೇಕೆಂಬ ಆಸೆ ಅಂದು ಹುಟ್ಟಿತು. ಬಳಿಕ ಯುದ್ಧಸಾಮಗ್ರಿಯ ಕಾರ್ಖಾನೆಯಲ್ಲಿ ದುಡಿಮೆ. 1945ರ ಜೂನಿನಲ್ಲಿ ಒಸಾಕದ ಮೇಲೆ ಬಾಂಬುಗಳು ಸುರಿದಾಗ ಆತನು ಕಾವಲು ಗೋಪುರದಲ್ಲಿದ್ದನು. ಸುತ್ತಲಿದ್ದವರು ಸತ್ತರು, ಆತನು ಉಳಿದನು. ಇತ್ತ ತಕರಾಜುಕದ ಮಹಾರಂಗಮಂದಿರವನ್ನು 1944ರ ಮಾರ್ಚಿಯಲ್ಲಿಯೇ ಮುಚ್ಚಿ ನೌಕಾಸೈನ್ಯದ ವಶಕ್ಕೆ ಕೊಟ್ಟಾಗಿದ್ದಿತು. ವೇಷದ ಗಂಡಸರು ಇದ್ದಲ್ಲಿಗೆ ನಿಜವಾದ ಭಟರು ಬಂದರು. ಅವರು ಹೋದ ಮೇಲೆ, 1946ರ ಏಪ್ರಿಲಿನಲ್ಲಿ, ವೇಷದವರು ಮರಳಿದರು. ಅದೇ ತಿಂಗಳಲ್ಲಿ ಜಪಾನಿನ ಸ್ತ್ರೀಯರು ಮೊಟ್ಟಮೊದಲ ಬಾರಿಗೆ ಸಾರ್ವತ್ರಿಕ ಚುನಾವಣೆಯಲ್ಲಿ ಮತ ಹಾಕಿದರು.

ವೈದ್ಯವಿದ್ಯಾರ್ಥಿಯಾಗಿದ್ದಾಗಲೇ, 1946ರ ಜನವರಿಯಲ್ಲಿ, ತೆಜುಕನ ಮೊದಲ ಚಿತ್ರಮಾಲೆಯು ಮಕ್ಕಳ ವೃತ್ತಪತ್ರಿಕೆಯೊಂದರಲ್ಲಿ ಬಂದಿತು. 1947ರ ಹೊಸ ನಿಧಿದ್ವೀಪ ಎಂಬ ಪುಸ್ತಕವು ಆತನ ಹೆಸರನ್ನು ನಾಡಿನ ಹುಡುಗರ ಬಾಯಲ್ಲಿರಿಸಿತು. ಬಿಳಿಯ ಸಿಂಹದ ಕಥೆ 1950ರಲ್ಲಿ, ಯಂತ್ರಬಾಲಕ ಆತೊಮನ ಕಥೆ 1952ರಲ್ಲಿ ಮೊದಲಾದುವು. ವೈದ್ಯ ಪರೀಕ್ಷೆಯಲ್ಲಿ 1952ರಲ್ಲಿ ತೇರ್ಗಡೆ ಹೊಂದಿದನಾದರೂ ರೋಗಿಗಳಿಗೆ ಮದ್ದು ಕೊಡುವ ವೃತ್ತಿಗೆ ಹೋಗಲಿಲ್ಲ. ಈ ಸಾಧನೆಗಳ ವಿಷಯವಾಗಿ ಬೇಕಾದಷ್ಟು ಬರೆದವರಿದ್ದಾರೆ. ನಾವು ಹುಡುಗಿಯರ ಪತ್ರಿಕೆಯ ಕಡೆಗೆ ತಿರುಗೋಣ.

ಕೊದಾನ್ಶಾ ಪ್ರಕಾಶನದ ಶೋಜೊ ಕ್ಲಬ್ ಎಂಬ ಮಾಸಪತ್ರಿಕೆಯಲ್ಲಿ 1953ರ ಜನವರಿಯಿಂದ 1956ರ ಜನವರಿಯವರೆಗೆ ರಿಬೊನ್ ನೊ ಕಿಶಿ, ಅಂದರೆ ರಿಬ್ಬನ್ನಿನ ವೀರಯೋಧ, ಎಂಬ ಕಥೆ ಪ್ರಕಟವಾಯಿತು. ಅದಕ್ಕೆ ಮುನ್ನ ಹುಡುಗಿಯರ ಚಿತ್ರಕಥೆಗಳಿರಲಿಲ್ಲವೆಂದಲ್ಲ. ಮತ್ಸುಮೊತೊ ಕತ್ಸುಜಿ ಎಂಬ ಚಿತ್ರಕಾರನು 1934ರಷ್ಟು ಹಿಂದೆಯೇ ಮುಖವಾಡ ಧರಿಸಿ ದುಷ್ಟರೊಡನೆ ಹೋರಾಡುವ ಬಾಲೆಯನ್ನು ಚಿತ್ರಿಸಿದ್ದನು. ಆದರೆ ವರ್ಷಗಟ್ಟಲೆ ಹರಿಯುವ, ಕಾದಂಬರಿಯಂತೆ ಬೆಳೆಯುವ ಕಥೆಯಾಗಿ ಹುಡುಗಿಯರ ಮನಸ್ಸನ್ನು ಹಿಡಿದು ನಿಲ್ಲಿಸಿದುದು ತೆಜುಕನ ಈ ಕೃತಿಯೇ.

ಕಥೆ ಹೀಗಿದೆ. ಇನ್ನೂ ಹುಟ್ಟದ ಶಿಶುಗಳಿಗೆ ದೇವಲೋಕದಲ್ಲಿ ಗಂಡು ಹೃದಯವನ್ನೋ ಹೆಣ್ಣು ಹೃದಯವನ್ನೋ ನುಂಗಿಸಿ ಕಳುಹಿಸುತ್ತಾರೆ. ಟಿಂಕ್ ಎಂಬ ತುಂಟ ದೇವಕುವರನು ಒಂದು ಶಿಶುವಿಗೆ ಗಂಡು ಹೃದಯವನ್ನು ಕೊಟ್ಟುಬಿಡುತ್ತಾನೆ. ಆ ಶಿಶುವಿಗೆ ಹೆಣ್ಣು ಹೃದಯವೂ ದೊರೆಯುತ್ತದೆ. ಎರಡು ಹೃದಯಗಳ ಆ ಮಗು ಸಫೈರ್ ರಾಜಕುಮಾರಿಯಾಗಿ ಹುಟ್ಟುತ್ತದೆ. ಆ ರಾಜ್ಯದ ಕಾನೂನಿನಂತೆ ಹೆಣ್ಣು ಪಟ್ಟವೇರುವಂತಿಲ್ಲ. ಆದಕಾರಣ ಆಕೆಯನ್ನು ರಾಜಕುಮಾರನೆಂದೇ ಬೆಳೆಸುತ್ತಾರೆ. ಡ್ಯುರಲುಮಿನ್ ಎಂಬ ಸಾಮಂತನು ತನ್ನ ಪೆದ್ದ ಮಗ ಪ್ಲಾಸ್ಟಿಕ್ಕನಿಗೆ ಪಟ್ಟ ಕಟ್ಟಿಸುವ ಸಂಚಿನಲ್ಲಿ ಸದಾ ಗುಟ್ಟನ್ನು ಹುಡುಕುತ್ತಿರುತ್ತಾನೆ. ಅವನ ಬಂಟನ ಹೆಸರು ನೈಲಾನ್. (ಆ ಕಾಲಕ್ಕೆ ಹೊಸದಾಗಿದ್ದ ವಸ್ತುಗಳ ಹೆಸರನ್ನೆಲ್ಲ ಖಳರಿಗೆ ಇಟ್ಟಿರುವುದು ತೆಜುಕನ ಚೇಷ್ಟೆ.) ಈ ಕಾನೂನು ಬರಿಯ ಕಟ್ಟುಕಥೆಯೆಂದು ಜಪಾನಿನ ಹುಡುಗಿಯರು ಭಾವಿಸಬೇಕಾಗಿರಲಿಲ್ಲ. ಅವರ ದೇಶದಲ್ಲಿ ಹೊಸ ಸಂವಿಧಾನವು ಸ್ತ್ರೀಪುರುಷರು ಸಮಾನರೆಂದು ಸಾರಿದ 1947ರಲ್ಲಿಯೇ ಜಾರಿಗೆ ಬಂದ ರಾಜಮನೆತನದ ಕಾನೂನು, ಸಿಂಹಾಸನವು ಗಂಡು ಸಂತತಿಯ ಗಂಡಿಗೆ ಮಾತ್ರ ಸಲ್ಲುವುದೆಂದು ವಿಧಿಸಿದ್ದಿತು.

ಸಫೈರಳು ಕುದುರೆಯೇರುತ್ತಾಳೆ, ಕತ್ತಿವರಸೆಯಲ್ಲಿ ಗಂಡಸರನ್ನು ಸೋಲಿಸುತ್ತಾಳೆ. ಹಬ್ಬದ ರಾತ್ರಿ ಹೊಂಬಣ್ಣದ ಕೃತಕ ಕೂದಲನ್ನು ಧರಿಸಿ, ಹೆಣ್ಣುಡುಗೆಯುಟ್ಟು, ನೆರೆರಾಜ್ಯದ ಫ್ರಾಂಝ್ ರಾಜಕುಮಾರನೊಡನೆ ನರ್ತಿಸುತ್ತಾಳೆ. ಫ್ರಾಂಝನು ಆ ಹೊಂಗೂದಲಿನ ಕನ್ಯೆಗೆ ಮನಸೋಲುತ್ತಾನೆ. ಆಕೆಯೇ ಹಗಲಿನಲ್ಲಿ ತನ್ನೆದುರಿಗೆ ಕತ್ತಿ ಹಿಡಿಯುವ ಸಫೈರ್ ರಾಜಕುಮಾರನೆಂಬುದು ಆತನಿಗೆ ತಿಳಿಯದು. ಇಲ್ಲಿಯ ಪ್ರಣಯದ ಸ್ವಾರಸ್ಯವೆಲ್ಲ ಇಷ್ಟರಲ್ಲಿದೆ. ಸಫೈರಳು ಫ್ರಾಂಝನನ್ನು ಪೂರ್ಣವಾಗಿ ಬಲ್ಲಳು. ಫ್ರಾಂಝನು ಪ್ರೀತಿಸುವುದು ಒಂದು ಟೋಪಿಗೂದಲನ್ನು. ನನ್ನ ಮಟ್ಟಿಗೆ ಫ್ರಾಂಝನು ಸಪ್ಪೆಯಾದ ಪಾತ್ರ. ಸುಂದರನು, ಸಭ್ಯನು, ಆದರೆ ಕಣ್ಣೆದುರಿಗಿರುವುದನ್ನು ಕಾಣಲಾರದವನು. ಕಥೆಯಲ್ಲಿ ಗಂಡಸಿಗೆ ಶೋಭಿಸುವ ಗುಣಗಳೆಂದು ನಾವು ಎಣಿಸುವ ಶೌರ್ಯ, ವಚನಪಾಲನೆ, ದುರ್ಬಲರ ರಕ್ಷಣೆ ಎಲ್ಲವೂ ಸಫೈರಳಲ್ಲಿವೆ. ಹುಡುಗಿಯರು ಪ್ರೀತಿಸಿದುದೂ ಅವಳನ್ನೇ, ಆಗಬಯಸಿದುದೂ ಅವಳನ್ನೇ, ತಕರಾಜುಕದ ಪ್ರೇಕ್ಷಕರಂತೆ. ಆ ಕಣ್ಣುಗಳನ್ನು ನೋಡಿದರೂ ಸಾಕು, ರಂಗದ ಬೆಳಕಿನಲ್ಲಿ ಕಾಡಿಗೆ ತಿದ್ದಿದ ಪುರುಷವೇಷದ ನಟಿಯ ನೆನಪಾಗುತ್ತದೆ.

ಆದರೆ ಕೃತಿಯಲ್ಲಿ ಒಂದು ತೊಡಕುಂಟು. ಅದನ್ನು ಮರೆಮಾಚಿ ಹೊಗಳುವುದು ನ್ಯಾಯವಲ್ಲ. ಗಂಡು ಹೃದಯವು ದೂರವಾದಾಗ ಸಫೈರಳ ಕೈಯ ಬಲ ಕುಗ್ಗಿಹೋಗುತ್ತದೆ. ಎಂದರೆ ಆ ಶೌರ್ಯವು ಆಕೆಯದಲ್ಲ, ಒಳಗೆ ಸೇರಿಕೊಂಡ ಗಂಡಿನದು ಎಂದಾಯಿತು. ಕೊನೆಗೆ ಆಕೆ ವಧುವಾಗಿ ಫ್ರಾಂಝನ ಕೈಹಿಡಿಯುತ್ತಾಳೆ. ತೆಜುಕನು ಹುಡುಗಿಯರ ಕೈಗೆ ಕತ್ತಿಯನ್ನು ಕೊಟ್ಟವನು. ಕೊನೆಯ ಪುಟಗಳಲ್ಲಿ ಅದನ್ನು ಹಿಂದಕ್ಕೆ ಪಡೆದವನೂ ಆತನೇ. ಇದು ಆತನ ಮನಸ್ಸಿಗೂ ನಾಟಿದ್ದಿತೋ ಏನೋ, ಕಥೆಯನ್ನು ಅಲ್ಲಿಗೆ ಬಿಡಲಿಲ್ಲ. 1958ರಲ್ಲಿ ನಕಯೊಶಿ ಪತ್ರಿಕೆಯಲ್ಲಿ ಸಫೈರಳ ಅವಳಿ ಮಕ್ಕಳ ಕಥೆಯನ್ನು ತೊಡಗಿದನು; ಅಲ್ಲಿ ಕಾಣೆಯಾದ ಅಣ್ಣನ ಸ್ಥಾನದಲ್ಲಿ ತಂಗಿಯು ಒಂದು ದಿನ ರಾಜಕುಮಾರ, ಮರುದಿನ ರಾಜಕುಮಾರಿಯಾಗಿ ಬಾಳಬೇಕಾಗುತ್ತದೆ. 1963ರಿಂದ 1966ರವರೆಗೆ ಅದೇ ಪತ್ರಿಕೆಯಲ್ಲಿ ಮೂಲಕಥೆಯನ್ನೇ ಹೊಸದಾಗಿ ಬರೆದನು. ಇದರಲ್ಲಿ ಬರುವ ಹೆಕೇಟ್ ಎಂಬ ಮಾಟಗಾತಿಯ ಮಗಳು ನನಗೆ ಬಹಳ ಮೆಚ್ಚಿಕೆಯಾದವಳು. ತನ್ನ ಮಗಳು ನಯನಾಜೂಕಿನ ಹೆಣ್ಣಾಗಬೇಕೆಂದು ತಾಯಿ ಸಫೈರಳ ಹೆಣ್ಣು ಹೃದಯವನ್ನು ಕದಿಯಲು ಹೊರಟರೆ, ಮಗಳಿಗೆ ಅದು ಬೇಡವೇ ಬೇಡ. ತಾನು ಇದ್ದಂತೆಯೇ ಇರುವೆನೆಂಬ ಹಟ ಅವಳದು. ಸಫೈರಳ ಮದುವೆಯಲ್ಲಿ ಬಿಟ್ಟುಹೋದ ಮಾತು ಹೆಕೇಟಳಲ್ಲಿ ಉಳಿದುಕೊಂಡಿತು. 1967ರಲ್ಲಿ ಈ ಕಥೆ ದೂರದರ್ಶನದಲ್ಲಿಯೂ ಚಿತ್ರಮಾಲೆಯಾಗಿ ಬಂದಿತು.

ಆ ದಿನಗಳಲ್ಲಿ ಹುಡುಗಿಯರಿಗಾಗಿ ಚಿತ್ರ ಬರೆಯುತ್ತಿದ್ದವರಲ್ಲಿ ಬಹುಮಂದಿ ಗಂಡಸರು. ಹೆಣ್ಣಿನ ಕನಸನ್ನು ಗಂಡು ಊಹಿಸಿ ಬರೆಯುವ ಈ ಸ್ಥಿತಿಯನ್ನು ಬದಲಾಯಿಸುವುದರಲ್ಲಿಯೂ ತೆಜುಕನ ಪಾಲುಂಟು. ಮಿಜುನೊ ಹಿದೆಕೊ ಎಂಬ ಹದಿಹರೆಯದ ಹುಡುಗಿ ಕಳುಹಿಸಿದ ಚಿತ್ರಗಳನ್ನು ಕಂಡು ಪ್ರಕಾಶಕರಿಗೆ ಆಕೆಯ ಹೆಸರನ್ನು ಹೇಳಿದವನು ಆತನೇ. ಆಕೆ 1958ರಲ್ಲಿ, ಹಿಂದೆ ತೆಜುಕನೂ ವಾಸಿಸಿದ್ದ, ಟೋಕಿಯೋದ ತೊಕಿವ ಬಿಡಾರದಲ್ಲಿ ಗಂಡಸರ ನಡುವೆ ಇದ್ದು ದುಡಿದಳು. 1969ರಲ್ಲಿ ಅಮೆರಿಕದ ತರುಣ ಗಾಯಕನೊಬ್ಬನನ್ನು ನಾಯಕನನ್ನಾಗಿಸಿಕೊಂಡು ಹುಡುಗಿಯರ ಪತ್ರಿಕೆಗೆ ದೀರ್ಘ ಕಥೆ ಬರೆದಳು. ಹಗಿಯೊ ಮೊತೊ ಎಂಬಾಕೆ ತೆಜುಕನ ಇನ್ನೊಂದು ಕೃತಿಯನ್ನು ಓದಿ ತಾನೂ ಚಿತ್ರಕಥೆಗಾರ್ತಿಯಾಗಬೇಕೆಂದು ನಿಶ್ಚಯಿಸಿದವಳು. 1974ರಲ್ಲಿ ಆಕೆ ಜರ್ಮನಿಯ ವಿದ್ಯಾರ್ಥಿನಿಲಯದ ಹುಡುಗರ ಪರಸ್ಪರ ಪ್ರೇಮ, ಪಾಪಭೀತಿ, ಶೋಕಗಳನ್ನು ಚಿತ್ರಿಸಿದಳು. 1976ರಲ್ಲಿ ತಕೆಮಿಯ ಕೆಯ್ಕೊ ಅದೇ ದಾರಿಯಲ್ಲಿ ಇನ್ನೂ ಮುಂದೆ ಹೋದಳು. ಓದುಗರು ಹುಡುಗಿಯರು, ಬರೆದವರು ಹೆಂಗಸರು, ಕಥೆಯಲ್ಲಿರುವವರು ಮಾತ್ರ ಹುಡುಗರು! ಮದುವೆ, ಸೊಸೆತನ, ಲೋಕಾಪವಾದ ಇವುಗಳ ಭಾರವಿಲ್ಲದ ಶರೀರವೊಂದರಲ್ಲಿ ತಮ್ಮ ಹೃದಯವನ್ನಿಟ್ಟು ನೋಡುವ ಉಪಾಯವಿದು. ಸಫೈರಳು ಗಂಡಿನ ಉಡುಪನ್ನು ತೊಟ್ಟಳು. ಇವರು ಗಂಡಿನ ಮೈಯನ್ನೇ ತೊಟ್ಟರು.

ತೆಜುಕನ ಕತ್ತಿಯನ್ನು ನೇರವಾಗಿ ಎತ್ತಿಕೊಂಡವಳು ಇಕೆದ ರಿಯೊಕೊ. 1972ರಲ್ಲಿ ತೊಡಗಿದ ಆಕೆಯ ವರ್ಸಾಯಿಯ ಗುಲಾಬಿ ಎಂಬ ಕಥೆ ಫ್ರಾನ್ಸಿನ ಮಹಾಕ್ರಾಂತಿಯ ಕಾಲದ್ದು. ಸೇನಾಪತಿಯಾದ ತಂದೆಯು ಗಂಡಿನಂತೆ ಬೆಳೆಸಿದ ಓಸ್ಕರ್ ಎಂಬ ಕನ್ಯೆ ಅರಮನೆಯ ಕಾವಲುಪಡೆಯ ಅಧಿಕಾರಿ. ಆಕೆಯೂ ಒಂದು ರಾತ್ರಿ ಹೆಣ್ಣುಡುಗೆಯುಟ್ಟು ತಾನು ಮೆಚ್ಚಿದವನೊಡನೆ ನರ್ತಿಸುತ್ತಾಳೆ. ಆದರೆ ಅವಳ ಶೌರ್ಯಕ್ಕೆ ಎರಡನೆಯ ಹೃದಯದ ನೆಪವಿಲ್ಲ; ಅದು ಅವಳದೇ. ಅವಳು ಕೊನೆಗೆ ಒಪ್ಪಿದ ಗಂಡು ರಾಜಕುಮಾರನಲ್ಲ. ಬಾಲ್ಯದಿಂದ ಪಕ್ಕದಲ್ಲಿದ್ದ, ಅವಳನ್ನು ಸಮವಸ್ತ್ರದಲ್ಲಿಯೇ ಕಂಡು ಸಮವಸ್ತ್ರದಲ್ಲಿಯೇ ಪ್ರೀತಿಸಿದ, ಸೇವಕನಾದ ಆಂದ್ರೆ. ಫ್ರಾಂಝನಿಗೆ ಇಲ್ಲದಿದ್ದ ಕಣ್ಣು ಇವನಿಗಿದ್ದಿತು. ಇವನ ಒಂದು ಕಣ್ಣು ಕತ್ತಿಯೇಟಿಗೆ ಹೋಗಿ ಇನ್ನೊಂದೂ ಮಂಕಾಗುತ್ತದೆಂಬುದನ್ನು ನೆನೆದರೆ ಈ ಮಾತು ವಿಚಿತ್ರವಾಗಿ ಕೇಳಿಸೀತು, ಆದರೆ ನಿಜ. 1974ರಲ್ಲಿ ಈ ಕಥೆಯನ್ನು ರಂಗಕ್ಕೆ ತಂದವರು ಮತ್ತಾರೂ ಅಲ್ಲ, ತಕರಾಜುಕದ ಸ್ತ್ರೀಯರು. ಆ ಮೇಳದ ಪ್ರಸಿದ್ಧಿ ಅದರಿಂದ ಇಮ್ಮಡಿಸಿತು.

ತೆಜುಕನು ಇಷ್ಟು ಹೊತ್ತಿಗೆ ಬೇರೆ ದಿಕ್ಕಿಗೆ ಹೋಗಿದ್ದನು. 1961ರಲ್ಲಿ ವೈದ್ಯಕೀಯದಲ್ಲಿ ಡಾಕ್ಟರ್ ಪದವಿ, 1963ರಲ್ಲಿ ಆತೊಮನ ದೂರದರ್ಶನ ಚಿತ್ರಮಾಲೆ, 1973ರಲ್ಲಿ ಆತನು ಕಟ್ಟಿದ್ದ ಚಿತ್ರಸಂಸ್ಥೆಯ ದಿವಾಳಿ, ಅದೇ ವರ್ಷ ಬ್ಲ್ಯಾಕ್ ಜಾಕ್ ಎಂಬ ಶಸ್ತ್ರವೈದ್ಯನ ಕಥೆಯಿಂದ ಮರಳಿ ಕೀರ್ತಿ. ನಮ್ಮ ದೇಶದ ಬುದ್ಧದೇವನ ಜೀವನವನ್ನು 1972ರಿಂದ 1983ರವರೆಗೆ ಚಿತ್ರಕಥೆಯಾಗಿ ಬರೆದನು. ಜಠರದ ಕ್ಯಾನ್ಸರಿನಿಂದ ಆಸ್ಪತ್ರೆ ಸೇರಿದ ಮೇಲೂ ಲೇಖನಿಯನ್ನು ಕೆಳಗಿಡಲಿಲ್ಲ. 1989ನೆಯ ಫೆಬ್ರವರಿ 9ರಂದು, ಅರವತ್ತನೆಯ ವಯಸ್ಸಿನಲ್ಲಿ, ಮೂರು ಕಥೆಗಳನ್ನು ಅರ್ಧಕ್ಕೆ ಬಿಟ್ಟು ತೀರಿಕೊಂಡನು. 1994ರಲ್ಲಿ ಆತನ ಹೆಸರಿನ ವಸ್ತುಸಂಗ್ರಹಾಲಯವನ್ನು ಬಾಲ್ಯದ ಊರಾದ ತಕರಾಜುಕದಲ್ಲಿಯೇ ತೆರೆದರು. ತಾಯಿಯ ಕೈಹಿಡಿದು ಆತನು ಹೋಗುತ್ತಿದ್ದ ರಂಗಮಂದಿರದ ನೆಲೆ ಅಲ್ಲಿಂದ ಕೆಲವೇ ನಿಮಿಷಗಳ ನಡಿಗೆ.