ಪಾದ್ರಿ ಮೊರೆಲೋಸ್ ಮತ್ತು ನಾನು ಬಿಟ್ಟಿದ್ದ ಪುಟ

ಅಭ್ಯಾಸ ಬೋಧನೆಯ ಮೂರನೇ ವಾರ ಒಂಬತ್ತನೇ ತರಗತಿಗೆ ಕ್ರಾಂತಿಗಳ ಪಾಠ ಮಾಡುತ್ತಿದ್ದೆ. ಪೂರಕವಾಗಿ ಒಬ್ಬರ ಜೀವನಕಥೆ ಹೇಳೋಣವೆಂದು ಮೆಕ್ಸಿಕೋದ ಹೊಸೆ ಮರಿಯಾ ಮೊರೆಲೋಸ್ ಅವರನ್ನು ಆರಿಸಿಕೊಂಡೆ. ಪಾದ್ರಿಯಾಗಿದ್ದವರು ಸೇನಾಪತಿಯಾದ ಕಥೆ ಮಕ್ಕಳಿಗೆ ಹಿಡಿಸುತ್ತದೆ ಎಂಬ ನಂಬಿಕೆ ನನಗಿತ್ತು.

ಮೆಕ್ಸಿಕೋ ಆಗ ಸ್ಪೇನಿನ ವಸಾಹತು. ಮೊರೆಲೋಸ್ ಹುಟ್ಟಿದ್ದು 1765ರಲ್ಲಿ, ವಯ್ಯಾದೊಲಿದ್ ಪಟ್ಟಣದ ಒಬ್ಬ ಬಡಗಿಯ ಮಗನಾಗಿ. ಯೌವನದಲ್ಲಿ ಹಲವು ವರ್ಷ ಜಮೀನಿನಲ್ಲಿ ದುಡಿದರು, ಹೇಸರಗತ್ತೆಗಳ ಮೇಲೆ ಸರಕು ಸಾಗಿಸಿದರು. ಓದಲು ಕಾಲೇಜು ಸೇರಿದಾಗ ಅವರಿಗೆ ಸುಮಾರು 25 ವರ್ಷ. ಅಲ್ಲಿನ ಮುಖ್ಯಸ್ಥರು ಮಿಗೆಲ್ ಹಿದಾಲ್ಗೊ ಎಂಬ ಪಾದ್ರಿ. 1797ರಲ್ಲಿ ಗುರುದೀಕ್ಷೆ ಪಡೆದ ಮೊರೆಲೋಸ್, ಮುಂದೆ ಕರಾಕುವರೊ ಎಂಬ ಬಿಸಿಲ ಸೀಮೆಯ ಬಡ ಊರಿನಲ್ಲಿ ಪಾದ್ರಿಯಾದರು.

1810ರ ಸೆಪ್ಟೆಂಬರ್‌ನಲ್ಲಿ ಹಿದಾಲ್ಗೊ ಸ್ಪೇನಿನ ಆಳ್ವಿಕೆಯ ವಿರುದ್ಧ ದಂಗೆಯೆದ್ದರು. ಮರುತಿಂಗಳು ಮೊರೆಲೋಸ್ ಅವರನ್ನು ಹುಡುಕಿಕೊಂಡು ಹೋಗಿ, ಸೈನಿಕರಿಗೆ ಧರ್ಮಗುರುವಾಗಿ ಸೇವೆ ಮಾಡಲು ಮುಂದಾದರು. ಹಿದಾಲ್ಗೊ ಕೊಟ್ಟ ಕೆಲಸ ಬೇರೆಯೇ ಆಗಿತ್ತು: ದಕ್ಷಿಣದಲ್ಲಿ ಸೈನ್ಯ ಕಟ್ಟಿ ಅಕಾಪುಲ್ಕೊ ಬಂದರನ್ನು ಹಿಡಿಯುವುದು. ಮೊರೆಲೋಸ್ ತಮ್ಮೂರಿನಿಂದ ಸುಮಾರು 25 ಜನರೊಂದಿಗೆ ಹೊರಟರು.

1812ರಲ್ಲಿ ಕ್ವಾವ್ತ್ಲಾ ಊರಿನಲ್ಲಿ ಸ್ಪೇನ್ ಪರ ಸೇನೆ ಅವರನ್ನು ಮುತ್ತಿಗೆ ಹಾಕಿತು. ನೀರು ನಿಲ್ಲಿಸಲು ನೋಡಿತು, ಅನ್ನ ಮುಗಿಯಿತು, ರೋಗ ಹರಡಿತು. ಆದರೂ 72 ದಿನ ತಡೆದುಕೊಂಡು, ಒಂದು ರಾತ್ರಿ ಮುತ್ತಿಗೆ ಭೇದಿಸಿ ಹೊರಬಂದರು. ಅದೇ ವರ್ಷ ಒಹಾಕಾ ನಗರವನ್ನೂ, 1813ರಲ್ಲಿ ಅಕಾಪುಲ್ಕೊದ ಕೋಟೆಯನ್ನೂ ಗೆದ್ದರು. ಆ ವರ್ಷವೇ ಚಿಲ್ಪನ್ಸಿಂಗೊದಲ್ಲಿ ಪ್ರತಿನಿಧಿ ಸಭೆ ಕರೆದು 23 ಅಂಶಗಳನ್ನು ಮುಂದಿಟ್ಟರು. ಗುಲಾಮಗಿರಿ ಹೋಗಬೇಕು, ಹುಟ್ಟಿನ ಭೇದ ಅಳಿಯಬೇಕು ಎಂಬುವು ಅವುಗಳಲ್ಲಿದ್ದವು. ದೊಡ್ಡ ಬಿರುದು ಬೇಡವೆಂದು ರಾಷ್ಟ್ರದ ಸೇವಕ ಎಂಬ ಹೆಸರನ್ನಷ್ಟೇ ಇಟ್ಟುಕೊಂಡರು. 1815ರಲ್ಲಿ ಸೆರೆಸಿಕ್ಕರು. ಚರ್ಚು ಅವರ ಪಾದ್ರಿ ಪದವಿಯನ್ನು ಕಿತ್ತುಕೊಂಡಿತು. ಡಿಸೆಂಬರ್ 22ರಂದು ಅವರನ್ನು ಗುಂಡಿಟ್ಟು ಕೊಂದರು.

ನನ್ನ ಪಾಠ ಯೋಜನೆ ಅಲ್ಲಿಗೆ ಮುಗಿದಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಯುದ್ಧದಲ್ಲಿ ಜನರನ್ನು ಕೊಂದವರು ಮರುದಿನ ಪೂಜೆ ಹೇಗೆ ಮಾಡುತ್ತಿದ್ದರು ಎಂದು ಕೇಳಿದಳು. ರಕ್ತಪಾತ ಆರಂಭವಾದ ಮೇಲೆ ಚರ್ಚಿನ ನಿಯಮದಂತೆ ತಾವು ಅರ್ಹರಲ್ಲವೆಂದು ಅವರೇ ಬಲಿಪೂಜೆ ಅರ್ಪಿಸುವುದನ್ನು ಬಿಟ್ಟಿದ್ದರು ಎಂದೆ. ಹಾಗಾದರೆ ಅವರು ಮಾಡಿದ್ದರಲ್ಲಿ ತಪ್ಪೂ ಇತ್ತೇ ಎಂದು ಮತ್ತೆ ಕೇಳಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ನನಗೆ ಸಮಾಧಾನವಾಯಿತು, ಆ ಸಮಾಧಾನಕ್ಕೇ ಆಮೇಲೆ ನಾಚಿಕೆಯೂ ಆಯಿತು. ಏಕೆಂದರೆ ಒಂದು ಪುಟವನ್ನು ನಾನು ಬೇಕೆಂದೇ ಬಿಟ್ಟಿದ್ದೆ.

ಮರುದಿನ ಅದನ್ನು ಹೇಳಿದೆ. 1814ರಲ್ಲಿ ಮೊರೆಲೋಸರ ಆಪ್ತ ಸೇನಾನಿ, ಅವರಂತೆಯೇ ಪಾದ್ರಿಯಾಗಿದ್ದ ಮಾತಾಮೊರೋಸ್ ಶತ್ರುಗಳಿಗೆ ಸೆರೆಸಿಕ್ಕರು. ಅವರ ಬದಲಿಗೆ 200 ಸೆರೆಯಾಳುಗಳನ್ನು ಬಿಡುವುದಾಗಿ ಮೊರೆಲೋಸ್ ತಿಳಿಸಿದರು. ಎದುರಾಳಿ ಒಪ್ಪದೆ ಮಾತಾಮೊರೋಸರನ್ನು ಕೊಂದಿತು. ಆಗ ಮೊರೆಲೋಸ್ ಸೆರೆಯಾಳುಗಳನ್ನು ಕೊಲ್ಲಲು ಆಜ್ಞೆ ಮಾಡಿದರು. ಕೈಯಲ್ಲಿ ಆಯುಧವಿಲ್ಲದವರನ್ನು ಕೊಂದದ್ದು ತಪ್ಪೆಂದು ನಾನು ಮುಚ್ಚುಮರೆಯಿಲ್ಲದೆ ಹೇಳಿದೆ. ಅವರ ಹುಟ್ಟೂರಿಗೆ 1828ರಲ್ಲಿ ಮೊರೆಲಿಯಾ ಎಂದು ಹೆಸರಿಟ್ಟದ್ದನ್ನೂ ಹೇಳಿದೆ.

ಮಕ್ಕಳಿಗೆ ಅವರ ಮೇಲಿನ ಗೌರವ ಹೋಗಲಿಲ್ಲ. ಪ್ರಶ್ನೆಗಳು ಮಾತ್ರ ಹೆಚ್ಚಿದವು. ಗುಲಾಮಗಿರಿ ಬೇಡವೆಂದವರೇ ಹೀಗೇಕೆ ಮಾಡಿದರೆಂದು ಅವರವರಲ್ಲೇ ವಾದ ನಡೆಯಿತು. ಮಹನೀಯರ ಪಾಠ ಯೋಜನೆ ಬರೆಯುವಾಗ ಈಗ ನಾನು ಕೊನೆಯಲ್ಲಿ ಒಂದು ಸಾಲು ಖಾಲಿ ಬಿಡುತ್ತೇನೆ. ಏನನ್ನು ಹೇಳಲು ಹಿಂಜರಿಯುತ್ತಿದ್ದೇನೋ ಅದನ್ನು ಅಲ್ಲಿ ಬರೆದುಕೊಂಡೇ ತರಗತಿಗೆ ಹೋಗುತ್ತೇನೆ.