ಅಡಿಗೆಮನೆಯ ತಪಸ್ವಿ ಸೋದರ ಲಾರೆನ್ಸ್

ಪ್ರಾರ್ಥನೆಗೆ ಏಕಾಂತ ಬೇಕು, ಏಕಾಂತಕ್ಕೆ ಬಿಡುವು ಬೇಕು, ಬಿಡುವಿಲ್ಲದವನಿಗೆ ಪ್ರಾರ್ಥನೆಯು ಕೈಗೆ ನಿಲುಕದ ಹಣ್ಣು ಎಂಬುದು ಲೋಕದ ಸಾಮಾನ್ಯ ನಂಬಿಕೆ. ನಸುಕಿನಲ್ಲಿ ಒಲೆ ಹೊತ್ತಿಸಿ ನಡುರಾತ್ರಿಯಲ್ಲಿ ಪಾತ್ರೆ ಬೋರಲು ಹಾಕುವವರಿಗೂ, ದಿನವೆಲ್ಲ ಲೆಕ್ಕದ ಪುಸ್ತಕದ ಮೇಲೆ ಬಾಗಿರುವವರಿಗೂ ಈ ನಂಬಿಕೆಯು ಎಷ್ಟು ಸಹಜವೆಂಬುದನ್ನು ವಾಚಕರಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ. ಆದರೆ ಅಂತರಂಗದ ಪ್ರಾರ್ಥನೆಗೆ ಗುರುವೆಂದು ಕ್ರೈಸ್ತ ಜಗತ್ತು ಮೂರು ಶತಮಾನಗಳಿಂದ ಗೌರವಿಸುತ್ತ ಬಂದಿರುವವರಲ್ಲಿ ಒಬ್ಬನು ಪೀಠಾಧಿಪತಿಯೂ ಅಲ್ಲ, ಪಂಡಿತನೂ ಅಲ್ಲ. ಪ್ಯಾರಿಸಿನ ಮಠವೊಂದರಲ್ಲಿ ಹದಿನೈದು ವರ್ಷ ಒಲೆಯ ಮುಂದೆ ನಿಂತ ಒಬ್ಬ ಕುಂಟ ಅಡಿಗೆಯವನು.

ಆತನ ಹುಟ್ಟುಹೆಸರು ನಿಕೊಲಾ ಎರ್ಮಾನ್. ಸುಮಾರು 1614ರಲ್ಲಿ ಲೊರೇನ್ ಪ್ರಾಂತದ ಲುನೆವಿಲ್ ಪಟ್ಟಣದ ಬಳಿಯ ಎರಿಮೆನಿಲ್ ಎಂಬ ಹಳ್ಳಿಯಲ್ಲಿ ಬಡ ತಂದೆತಾಯಿಗಳ ಮಗನಾಗಿ ಜನಿಸಿದನು. ಹೇಳಿಕೊಳ್ಳುವಂಥ ವಿದ್ಯೆಯಿಲ್ಲ, ಆಸ್ತಿಯಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ, ಒಂದು ಚಳಿಗಾಲದ ದಿನ, ಎಲೆಯೆಲ್ಲ ಉದುರಿ ಬೋಳಾಗಿ ನಿಂತಿದ್ದ ಮರವೊಂದು ಆತನ ಕಣ್ಣಿಗೆ ಬಿದ್ದಿತು. ಇನ್ನು ಕೆಲವೇ ದಿನಗಳಲ್ಲಿ ಈ ಒಣಕೊಂಬೆಗಳು ಚಿಗುರುವುವು, ಹೂ ಬಿಡುವುವು, ಕಾಯಿ ಕಟ್ಟುವುವು ಎಂಬ ಯೋಚನೆ ಬಂದೊಡನೆ, ಇದನ್ನೆಲ್ಲ ನಡೆಸುವ ಭಗವಂತನ ಶಕ್ತಿ ಮತ್ತು ಕಾರುಣ್ಯಗಳ ಅರಿವು ಆತನ ಮನಸ್ಸಿನಲ್ಲಿ ಆಳವಾಗಿ ಬೇರೂರಿತು. ದಾರಿಹೋಕರು ಕಣ್ಣೆತ್ತಿಯೂ ನೋಡದ ಆ ಮರವೇ ಆತನಿಗೆ ಮೊದಲ ಉಪದೇಶವಾಯಿತು.

ಆದರೆ ಬದುಕು ಒಡನೆಯೇ ಬದಲಾಗಲಿಲ್ಲ. ಯೂರೋಪಿನಲ್ಲಿ 1618ರಿಂದ ಹೊತ್ತಿ ಉರಿಯುತ್ತಿದ್ದ ಮೂವತ್ತು ವರ್ಷಗಳ ಯುದ್ಧದಲ್ಲಿ ಆತನು ಸಿಪಾಯಿಯಾಗಿ ಸೇರಿಕೊಂಡನು. ಜರ್ಮನ್ ದಂಡಿನವರು ಆತನನ್ನು ಸೆರೆಹಿಡಿದು, ಗೂಢಚಾರನೆಂದು ಬಗೆದು, ಗಲ್ಲಿಗೇರಿಸುವುದಾಗಿ ಹೆದರಿಸಿದರು. ಆತನು ಅಂಜದೆ ನಿಜ ಸ್ಥಿತಿಯನ್ನು ತಿಳಿಸಿ ಬಿಡುಗಡೆ ಹೊಂದಿದನು. 1635ರಲ್ಲಿ ರಾಂಬೆರ್ವಿಲೆ ಎಂಬಲ್ಲಿ ನಡೆದ ಕಾಳಗದಲ್ಲಿ ಗಾಯಗೊಂಡು ತಂದೆತಾಯಿಗಳ ಮನೆಗೆ ಹಿಂದಿರುಗಿದನು. ಅಲ್ಲಿಂದ ಮುಂದೆ ಕಾಲೆಳೆದು ನಡೆಯುವುದೇ ಆತನ ಪಾಲಿಗೆ ಬಂದಿತು. ಸಿಪಾಯಿಯಾಗಿದ್ದ ದಿನಗಳ ತಪ್ಪುಗಳನ್ನು ನೆನೆದು ಮುಂದೆ ಬಹುಕಾಲ ಕೊರಗಿದನು.

ಕೆಲವು ಕಾಲ ಏಕಾಂತವಾಸವನ್ನು ಪ್ರಯತ್ನಿಸಿ, ಅದು ಒಗ್ಗದೆ, ಪ್ಯಾರಿಸಿಗೆ ಬಂದು ಫ್ಯೂಬೆ ಎಂಬ ಖಜಾನೆಯ ಅಧಿಕಾರಿಯ ಮನೆಯಲ್ಲಿ ಆಳಾಗಿ ನಿಂತನು. ಮುಟ್ಟಿದುದೆಲ್ಲ ಒಡೆಯುವ ಒರಟು ಕೈ ತನ್ನದೆಂದು ಆತನೇ ಮುಂದೆ ನಗುತ್ತ ಹೇಳಿಕೊಳ್ಳುತ್ತಿದ್ದನು. ಕಡೆಗೆ 1640ರಲ್ಲಿ, ಇಪ್ಪತ್ತಾರರ ಪ್ರಾಯದಲ್ಲಿ, ವೊಜಿರಾರ್ ಬೀದಿಯ ಕಾರ್ಮೆಲೈಟ್ ಸಂನ್ಯಾಸಿಗಳ ಮಠವನ್ನು ಸೇರಿದನು. ತನ್ನ ಒರಟುತನಕ್ಕೆ ಅಲ್ಲಿ ತಕ್ಕ ಶಿಕ್ಷೆಯಾಗುವುದೆಂದು ಎಣಿಸಿ ಹೋದವನಿಗೆ ದೊರೆತುದು ಸಂತೋಷವೇ. ಈ ವಿಷಯದಲ್ಲಿ ದೇವರು ತನಗೆ ಮೋಸಮಾಡಿದನೆಂದು ಆತನು ಹಾಸ್ಯಮಾಡುವುದಿತ್ತು. 1642ರ ಆಗಸ್ಟ್ 14ರಂದು ಕಡೆಯ ವ್ರತಗಳನ್ನು ಸ್ವೀಕರಿಸಿದನು. ಪುನರುತ್ಥಾನದ ಸೋದರ ಲಾರೆನ್ಸ್ ಎಂಬುದು ಮಠದಲ್ಲಿ ಆತನ ಹೆಸರಾಯಿತು. ಆತನು ಪಾದ್ರಿಯಾಗಲಿಲ್ಲ, ಮೈಮುರಿದು ದುಡಿಯುವ ಸೇವಾಸೋದರರಲ್ಲಿ ಒಬ್ಬನಾದನು. ಆತನಿಗೆ ವಿಧಿಸಿದ ಕೆಲಸ ಅಡಿಗೆಮನೆಯದು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಅಡಿಗೆಯ ಕೆಲಸವೆಂದರೆ ಆತನಿಗೆ ಸ್ವಭಾವತಃ ಬಹಳ ಬೇಸರ. ಒಲಿದು ಆರಿಸಿಕೊಂಡ ಕಸುಬಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟವರು ಸಿಕ್ಕಿದ ಕೆಲಸಕ್ಕೆ ಕೈಹಾಕುವಂತೆ, ಆತನೂ ಹೇಳಿದ ಕೆಲಸಕ್ಕೆ ನಿಂತನು.

ಕಾರ್ಮೆಲೈಟರ ಈ ಶಾಖೆಯು ಸ್ಪೇನಿನ ಅವಿಲಾ ನಗರದ ಸಂತ ತೆರೇಸಳು 16ನೆಯ ಶತಮಾನದಲ್ಲಿ ಸುಧಾರಿಸಿದ ಸಂಪ್ರದಾಯಕ್ಕೆ ಸೇರಿದುದು. ಮೌನವಾದ ಮಾನಸಿಕ ಪ್ರಾರ್ಥನೆಗೆ ಅಲ್ಲಿ ದಿನವೂ ಗೊತ್ತಾದ ವೇಳೆಯುಂಟು. ಲಾರೆನ್ಸನು ಆ ವೇಳೆಯಲ್ಲಿ ಮೊಣಕಾಲೂರಿ ಕುಳಿತರೆ, ಅಲೆಯುವ ಮನಸ್ಸನ್ನು ಹಿಂದಕ್ಕೆಳೆಯುವುದರಲ್ಲಿಯೇ ಹೊತ್ತೆಲ್ಲ ಕಳೆದುಹೋಗುತ್ತಿದ್ದಿತು. ಗ್ರಂಥಗಳಲ್ಲಿ ಹೇಳಿದ ಕ್ರಮಗಳು ಆತನಿಗೆ ಒದಗಿಬರಲಿಲ್ಲ. ಇದಕ್ಕಿಂತಲೂ ಕಠಿಣವಾದ ಕಷ್ಟವೊಂದು ಕಾದಿದ್ದಿತು. ಹಿಂದಿನ ಪಾಪಗಳು ಸದಾ ಕಣ್ಣಮುಂದೆ ನಿಂತು, ಸುಮಾರು ಹತ್ತು ವರ್ಷ ಆತನ ಅಂತರಂಗವು ಬೆಂದುಹೋಯಿತು. ಅದರಲ್ಲಿ ನಾಲ್ಕು ವರ್ಷವಂತೂ ತನಗೆ ನರಕವೇ ನಿಶ್ಚಯವೆಂದು ನಂಬಿದ್ದನು. ಯಾರು ಸಮಾಧಾನ ಹೇಳಿದರೂ ಆ ನಂಬಿಕೆ ಕದಲಲಿಲ್ಲ. ಆದರೂ ಆತನು ಪ್ರಾರ್ಥನೆಯನ್ನು ಬಿಡಲಿಲ್ಲ. ತಾನು ಮಠಕ್ಕೆ ಬಂದುದು ದೇವರ ಪ್ರೀತಿಗಾಗಿ. ಉದ್ಧಾರವಾಗಲಿ ನಾಶವಾಗಲಿ, ಉಸಿರಿರುವವರೆಗೆ ಆ ಪ್ರೀತಿಗಾಗಿಯೇ ದುಡಿಯುವೆನೆಂದು ನಿಶ್ಚಯಿಸಿದನು. ಪ್ರತಿಫಲದ ಲೆಕ್ಕವನ್ನು ಹೀಗೆ ಕೈಬಿಟ್ಟು, ಉಳಿದ ಆಯುಷ್ಯವೂ ಈ ಸಂಕಟದಲ್ಲಿಯೇ ಕಳೆಯಲೆಂದು ಒಪ್ಪಿಕೊಂಡ ಹೊತ್ತಿನಲ್ಲಿ ಭಯವು ತಾನಾಗಿ ಕರಗಿ ಮನಸ್ಸು ಶಾಂತವಾಯಿತು.

ಆತನು ಕಂಡುಕೊಂಡ ದಾರಿಯು ಬಹು ಸರಳವಾದುದು. ದೇವರು ಗುಡಿಯೊಳಗೆ ಇರುವಂತೆಯೇ ತನ್ನ ಬಳಿಯಲ್ಲಿಯೂ ಇರುವನೆಂದು ನಂಬಿ, ಆಗಾಗ್ಗೆ ಮನಸ್ಸನ್ನು ಆ ಕಡೆಗೆ ತಿರುಗಿಸುವುದು. ಗೆಳೆಯನೊಡನೆ ಮಾತನಾಡುವಂತೆ ಒಳಗೊಳಗೇ ಮಾತನಾಡುವುದು. ಕೆಲಸಕ್ಕೆ ಕೈಯಿಡುವ ಮುನ್ನ ಸಹಾಯ ಬೇಡುವನು. ಕೆಲಸ ಮುಗಿದ ಮೇಲೆ ನಡೆದುದನ್ನು ಪರಿಶೀಲಿಸುವನು. ಒಳ್ಳೆಯದಾಗಿದ್ದರೆ ವಂದಿಸುವನು, ತಪ್ಪಿದ್ದರೆ ಕ್ಷಮೆ ಬೇಡಿ, ಕೊರಗುತ್ತ ಕೂರದೆ, ಏನೂ ಆಗದವನಂತೆ ಮತ್ತೆ ದೇವರ ಸ್ಮರಣೆಗೆ ಹಿಂದಿರುಗುವನು. ಬಾಣಲೆಯಲ್ಲಿ ಆಮ್ಲೆಟ್ ಮಗುಚುವುದನ್ನೂ ಆತನು ಭಗವಂತನ ಪ್ರೀತಿಗಾಗಿಯೇ ಮಾಡುವನು. ಅದಾದ ಮೇಲೆ ಬೇರೆ ಕೆಲಸವಿಲ್ಲದಿದ್ದರೆ ನೆಲಕ್ಕೆ ಬಿದ್ದು ನಮಸ್ಕರಿಸುವನು. ನೆಲದ ಮೇಲಿನ ಒಂದು ಹುಲ್ಲುಕಡ್ಡಿಯನ್ನೆತ್ತುವುದು ಕೂಡ ಆತನಿಗೆ ಅರ್ಪಣೆಯೇ. ಹಲವರು ಏಕಕಾಲಕ್ಕೆ ಬೇರೆಬೇರೆ ವಸ್ತುಗಳಿಗಾಗಿ ಕೂಗುತ್ತಿದ್ದ ಗದ್ದಲದಲ್ಲಿಯೂ ಆತನು ಅವಸರಪಡಲಿಲ್ಲ, ಸೋಮಾರಿಯೂ ಆಗಲಿಲ್ಲ. ಆಯಾ ಕೆಲಸವನ್ನು ಆಯಾ ಹೊತ್ತಿಗೆ ಮುಗಿಸುತ್ತಿದ್ದನು. ಕಾಲಕ್ರಮದಲ್ಲಿ ಗೊತ್ತಾದ ಪ್ರಾರ್ಥನೆಯ ವೇಳೆಗೂ ಕೆಲಸದ ವೇಳೆಗೂ ಆತನಿಗೆ ಭೇದವೇ ಉಳಿಯಲಿಲ್ಲ. ಹಾಗೆಂದು ಮಠದ ನಿಯಮವನ್ನು ಮೀರಲಿಲ್ಲ. ಹಿರಿಯರು ಹೇಳಿದ ವೇಳೆಗೆ ತಪ್ಪದೆ ಹೋಗಿ ಕುಳಿತುಕೊಳ್ಳುತ್ತಿದ್ದನು.

ಇದು ಒಂದೇ ದಿನದಲ್ಲಿ ಸಿದ್ಧಿಸಿದುದಲ್ಲ. ಮೊದಮೊದಲು ನೆನಪು ತಪ್ಪುತ್ತಲೇ ಇದ್ದಿತು, ತಪ್ಪಿದಾಗಲೆಲ್ಲ ಮೆಲ್ಲನೆ ಹಿಂದಕ್ಕೆ ತರುತ್ತಲೇ ಇದ್ದನು. ಅಭ್ಯಾಸವು ಕಡೆಗೆ ಸ್ವಭಾವವಾಯಿತು. ಮಠಕ್ಕೆ ಬೇಕಾದ ದ್ರಾಕ್ಷಾರಸವನ್ನು ಕೊಳ್ಳಲು ಆತನನ್ನು ಬರ್ಗಂಡಿಗೆ ಕಳುಹಿಸಿದರು. ವ್ಯಾಪಾರ ಬಾರದು, ಕಾಲು ಬೇರೆ ಕುಂಟು; ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಅತ್ತಿತ್ತ ಹೋಗಬೇಕಾಗಿದ್ದಿತು. ಇದು ನಿನ್ನ ಕೆಲಸವೆಂದು ದೇವರಿಗೆ ಒಪ್ಪಿಸಿ ಹೊರಟುಬಿಟ್ಟನು. ಕೆಲಸವು ಚೆನ್ನಾಗಿಯೇ ನಡೆಯಿತು. ಹೇಗೆ ನಡೆಯಿತೆಂದು ಆತನಿಗೇ ತಿಳಿಯಲಿಲ್ಲ.

ಹದಿನೈದು ವರ್ಷಗಳ ತರುವಾಯ ಕಾಲಿನ ಬಾಧೆ ಹೆಚ್ಚಿದುದರಿಂದ ಆತನನ್ನು ಕುಳಿತು ಮಾಡುವ ಕೆಲಸಕ್ಕೆ, ಸೋದರರ ಪಾದರಕ್ಷೆಗಳನ್ನು ಹೊಲಿಯುವ ಕೋಣೆಗೆ, ಬದಲಾಯಿಸಿದರು. ಮುಂದೆ ಕಾರ್ಡಿನಲ್ ನೊಆಯ್ ಅವರ ಪ್ರತಿನಿಧಿಯಾದ ಜೋಸೆಫ್ ದ ಬೋಫೋರ್ ಎಂಬ ಪಾದ್ರಿಯು 1666ರ ಆಗಸ್ಟ್ 3ರಂದು ಮೊದಲ ಬಾರಿಗೆ ಆತನನ್ನು ಕಂಡು ಮಾತನಾಡಿದನು. ಪ್ರಸಿದ್ಧ ಲೇಖಕನಾದ ಫೆನೆಲೋನನೂ ಆತನು ಕಾಯಿಲೆಯಲ್ಲಿ ಮಲಗಿದ್ದಾಗ ಬಂದು ನೋಡಿದನು. ವಿದ್ವಾಂಸರು ಅಡಿಗೆಯವನ ಬಳಿಗೆ ಬಂದರೇ ಹೊರತು ಅಡಿಗೆಯವನು ಹೆಸರನ್ನು ಅರಸಿಕೊಂಡು ಹೋಗಲಿಲ್ಲ. ಪರಿಚಿತರಿಗೆ ತನ್ನ ಅನುಭವವನ್ನು ಬರೆದು ತಿಳಿಸುವಾಗಲೂ ಕಾಗದವನ್ನು ಬೇರೆ ಯಾರಿಗೂ ತೋರಿಸಬಾರದೆಂದು ಕೇಳಿಕೊಂಡುದುಂಟು.

ಇಷ್ಟು ಪ್ರಾರ್ಥನೆಗೆ ದೊರೆತ ಫಲವೇನು? ಕಾಲಿನ ಬೇನೆ ಗುಣವಾಗಲಿಲ್ಲ. ಸುಮಾರು ಇಪ್ಪತ್ತೈದು ವರ್ಷ ಕಾಡಿ ಹುಣ್ಣಾಯಿತು. ಮಠದಲ್ಲಿ ಪದವಿಯೂ ಏರಲಿಲ್ಲ. ದೊರೆತುದು ಒಂದೇ: ಹೊರಗಿನ ಯಾವ ಗದ್ದಲವೂ ಕದಡಲಾಗದ ಮನಶ್ಶಾಂತಿ. ಮರಣವು ಸಮೀಪಿಸಿದಾಗಲೂ ಆ ಶಾಂತಿಯು ಆತನನ್ನು ಬಿಡಲಿಲ್ಲ. 1691ರ ಫೆಬ್ರವರಿ 12ರಂದು ಆತನು ಪ್ಯಾರಿಸಿನಲ್ಲಿ ಕಾಲವಾದನು.

ಆತನ ಕಾಗದಗಳನ್ನೂ ಮಾತುಗಳನ್ನೂ ಬೋಫೋರನು ಸಂಗ್ರಹಿಸಿ 1692 ಮತ್ತು 1694ರಲ್ಲಿ ಅಚ್ಚು ಹಾಕಿಸಿದನು. ಫೆನೆಲೋನನ ಸುತ್ತ ಎದ್ದ ಧಾರ್ಮಿಕ ವಿವಾದದಿಂದಾಗಿ ಫ್ರಾನ್ಸಿನ ಕಥೋಲಿಕರಲ್ಲಿ ಆ ಪುಸ್ತಕವು ಕೆಲಕಾಲ ಮರೆಯಾಯಿತು. ಆದರೆ ಪ್ರೊಟೆಸ್ಟಂಟರು ಅದನ್ನು ಕೈಗೆತ್ತಿಕೊಂಡರು. 18ನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ವೆಸ್ಲಿಯು ಅದರ ಭಾಗಗಳನ್ನು ತನ್ನ ಗ್ರಂಥಮಾಲೆಯಲ್ಲಿ ಸೇರಿಸಿದನು. ತನ್ನ ಕಾಗದವನ್ನು ಯಾರಿಗೂ ತೋರಿಸಬೇಡಿರೆಂದವನ ಮಾತುಗಳು ಇಂದು ಪಂಥಭೇದವಿಲ್ಲದೆ ಲೋಕದ ಅನೇಕ ಭಾಷೆಗಳಲ್ಲಿ ಓದಲ್ಪಡುತ್ತಿವೆ.

ಆತನಿಗೆ ಪ್ರಾರ್ಥನೆಯ ಬಿಡುವು ದೊರೆಯಲಿಲ್ಲ, ಒಲಿದ ಕೆಲಸ ದೊರೆಯಲಿಲ್ಲ, ಬಹುಕಾಲ ಸಮಾಧಾನವೂ ದೊರೆಯಲಿಲ್ಲ. ಇದ್ದುದು ಒಲೆ, ಬಾಣಲೆ ಮತ್ತು ಮರಳಿ ಮರಳಿ ದೇವರ ಕಡೆಗೆ ತಿರುಗಿಸಿದ ಮನಸ್ಸು. ಇಷ್ಟೇ ಸಾಕಾಯಿತೆಂಬುದನ್ನು ಆತನ ಬಾಳು ತೋರಿಸಿಕೊಟ್ಟಿತು.