ಬಳ್ಳಾರಿ ಶಾಲೆಗಳ ಲೆಕ್ಕ ಬರೆದಿಟ್ಟ ಕಲೆಕ್ಟರ್: 200 ವರ್ಷದ ಹಿಂದೆ ಕನ್ನಡ 235, ತೆಲುಗು 226

ಬಳ್ಳಾರಿ: ಸಿರುಗುಪ್ಪ, ಕುರುಗೋಡು ಕಡೆ ಅಂಗಡಿಗೆ ಬರೋ ಗಿರಾಕಿ ಕನ್ನಡದಲ್ಲಿ ರೇಟು ಕೇಳಿ ತೆಲುಗಿನಲ್ಲಿ ಚೌಕಾಸಿ ಮಾಡ್ತಾನೆ. ನಮಗಿದು ಹೊಸದಲ್ಲ. ಈ ಎರಡು ಭಾಷೆಗಳ ನಂಟನ್ನ 200 ವರ್ಷದ ಹಿಂದೆಯೇ ಗಮನಿಸಿದವರು ಅಲೆಕ್ಸಾಂಡರ್ ಡಂಕನ್ ಕ್ಯಾಂಪ್‌ಬೆಲ್.

ಕಂಪನಿ ಸರ್ಕಾರದ ಅಧಿಕಾರಿಯಾಗಿದ್ದ ಇವರು ಬಳ್ಳಾರಿಗೆ ಕಲೆಕ್ಟರ್ ಆಗಿ ಬರೋ ಮೊದಲು ಮದ್ರಾಸಿನಲ್ಲಿದ್ದರು. 1816ರಲ್ಲಿ ತೆಲುಗು ವ್ಯಾಕರಣ, 1821ರಲ್ಲಿ ತೆಲುಗು ನಿಘಂಟು ಪ್ರಕಟಿಸಿದರು. ತೆಲುಗು ಸಂಸ್ಕೃತದಿಂದ ಹುಟ್ಟಿದ್ದು ಅಂತ ದೊಡ್ಡ ದೊಡ್ಡ ಪಂಡಿತರೇ ನಂಬಿದ್ದ ಕಾಲ ಅದು. ಕ್ಯಾಂಪ್‌ಬೆಲ್ ಒಪ್ಪಲಿಲ್ಲ. ಅದೇ ಪುಸ್ತಕಕ್ಕೆ ಎಲ್ಲಿಸ್ ಎಂಬ ಅಧಿಕಾರಿ ಬರೆದ ಟಿಪ್ಪಣಿಯಲ್ಲಿ ತೆಲುಗು, ಕನ್ನಡ, ತಮಿಳು ಒಂದೇ ಮನೆತನದ ಭಾಷೆಗಳು ಅಂತ ಪದಗಳ ಪಟ್ಟಿ ಸಮೇತ ತೋರಿಸಲಾಗಿತ್ತು. ಇದೇ ವಿಷಯದ ಮೇಲೆ ಕಾಲ್ಡ್‌ವೆಲ್ ಅವರ ಹೆಸರಾಂತ ಗ್ರಂಥ ಬಂದದ್ದು 40 ವರ್ಷ ಬಿಟ್ಟು, 1856ರಲ್ಲಿ.

1822ರಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಎಲ್ಲ ಜಿಲ್ಲೆಗಳ ಶಾಲೆಗಳ ಲೆಕ್ಕ ಕೇಳಿದರು. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಬಳ್ಳಾರಿ ವರದಿ ಕಳಿಸಿದರು. ಆಗ ಅನಂತಪುರವೂ ನಮ್ಮ ಜಿಲ್ಲೆಯೊಳಗೇ ಇತ್ತು. ಒಟ್ಟು 533 ಶಾಲೆ: ಕನ್ನಡ 235, ತೆಲುಗು 226, ಮರಾಠಿ 23, ಪರ್ಷಿಯನ್ 21, ತಮಿಳು 4, ಇಂಗ್ಲಿಷ್ 1. ಉಳಿದ 23 ಕಡೆ ಬ್ರಾಹ್ಮಣರಿಗಷ್ಟೇ ಪಾಠ. ಕಲಿಯುತ್ತಿದ್ದವರು 6,641. ಅದರಲ್ಲಿ ಹೆಣ್ಣುಮಕ್ಕಳು ಬರೀ 60.

ಮಕ್ಕಳು ಅಕ್ಷರ ಕಲಿಯೋ ರೀತಿಯನ್ನೂ ಅವರು ಬಿಡದೆ ಬರೆದಿದ್ದಾರೆ. ಮೊದಲು ಮರಳಿನ ಮೇಲೆ ಬೆರಳಲ್ಲಿ ತಿದ್ದೋದು. ಆಮೇಲೆ ಮರದ ಹಲಗೆ, ಇಲ್ಲವೇ ಗಂಜಿ ಹಾಕಿ ಗಟ್ಟಿ ಮಾಡಿ, ಇದ್ದಿಲು ಮತ್ತು ಅಂಟು ಬಳಿದು ಪುಸ್ತಕದಂತೆ ಮಡಚಿದ ಬಟ್ಟೆ. ಅದೇ ನಮ್ಮ ಹಿರಿಯರು ಅಂಗಡಿ ಲೆಕ್ಕಕ್ಕೆ ಬಳಸುತ್ತಿದ್ದ ಕಡತ. ಬರೆಯೋಕೆ ಬಳಪ, ಅಳಿಸೋಕೆ ಒದ್ದೆ ಬಟ್ಟೆ. ಮುಂದಿದ್ದ ಹುಡುಗರು ಹಿಂದುಳಿದವರಿಗೆ ಹೇಳಿಕೊಡೋ ಪದ್ಧತಿಯನ್ನ ಅವರು ಮೆಚ್ಚಿದರು. ಆದರೆ ಅರ್ಥ ತಿಳಿಯದೆ ಹಳೇ ಪದ್ಯಗಳನ್ನ ಬಾಯಿಪಾಠ ಮಾಡಿಸೋದು ಅವರಿಗೆ ಹಿಡಿಸಲಿಲ್ಲ.

ವರದಿಯಲ್ಲಿ ಒಂದು ಕಹಿ ಮಾತೂ ಇದೆ. ಸುಮಾರು ಒಂಬತ್ತು ಲಕ್ಷ ಜನರಲ್ಲಿ ಏಳು ಸಾವಿರ ಮಕ್ಕಳೂ ಶಾಲೆಯಲ್ಲಿಲ್ಲ. ಮೊದಲು ಶಾಲೆ ಇದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಇಲ್ಲ. ಕಾರಣ ಬಡತನ. ವಿಲಾಯತಿ ಬಟ್ಟೆ ಬಂದು ನೇಕಾರರ ಕೆಲಸ ಹೋಯ್ತು, ಹೊಟ್ಟೆಗಿಲ್ಲದವರು ಮಕ್ಕಳನ್ನ ಶಾಲೆಗೆ ಹೇಗೆ ಕಳಿಸ್ತಾರೆ? ಕಂಪನಿ ನೌಕರನಾಗಿದ್ದೂ ಕಂಪನಿ ಆಡಳಿತದಲ್ಲೇ ಹೀಗಾಗಿದೆ ಅಂತ ಬರೆದರು. ಧರಂಪಾಲ್ 1983ರ ತಮ್ಮ ಪುಸ್ತಕದಲ್ಲಿ ಈ ವರದಿಯನ್ನ ಮತ್ತೆ ಅಚ್ಚು ಹಾಕಿಸಿದ ಮೇಲೆ ಅದು ದೇಶಕ್ಕೆಲ್ಲ ಗೊತ್ತಾಯ್ತು.

1953ರಲ್ಲಿ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಬಳ್ಳಾರಿ, ಸಿರುಗುಪ್ಪ ಇತ್ತ ಉಳಿದವು. ಗಡಿ ಬಿತ್ತು, ಆದ್ರೆ ಅಕ್ಷರದ ನಂಟು ಹೋಗಲಿಲ್ಲ. ಎರಡೂ ಲಿಪಿ ಒಂದೇ ಬೇರಿನವು, ಗ, ರ ಅಕ್ಷರಗಳಲ್ಲಿ ತಲೆಕಟ್ಟಿನ ವ್ಯತ್ಯಾಸ ಬಿಟ್ಟರೆ ಹೆಚ್ಚೇನಿಲ್ಲ. ಕನ್ನಡ ಬಲ್ಲವರು ತೆಲುಗು ಬೋರ್ಡನ್ನ ಅಂದಾಜಿನಲ್ಲೇ ಓದಿಬಿಡೋದು ಇದಕ್ಕೇ.